ಪಟ್ಟೆ ಗಾಜಿನಲ್ಲೋ, ಚಿತ್ರದಲ್ಲೋ? ಓಎಲ್‌ಇಡಿ ಗೇಮಿಂಗ್ ಮಾನಿಟರ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಓದುಗರವೇ ಹೆಚ್ಚು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರಗಳಿಂದಲೂ ಘಟ್ಟದ ಮೇಲಿನ ಶಿರಸಿಯಿಂದಲೂ ಬಂದ ಆ ಪತ್ರಗಳೆಲ್ಲ, ಪ್ರತಿ ಪಿಕ್ಸೆಲ್ (ಚಿತ್ರದ ಚುಕ್ಕೆ) ತಾನೇ ಬೆಳಗುವ ಓಎಲ್‌ಇಡಿ ಗೇಮಿಂಗ್ ಮಾನಿಟರಿಗೆ ಸಂಬಂಧಿಸಿದವು. ಕೂಡಿಟ್ಟ ಹಣ ಸುರಿದು ತಂದ ಪರದೆಯಲ್ಲಿ ಪಟ್ಟೆಗಳು ಕಂಡರೆ, ಆಟ ತಡೆದು ತಡೆದು ಓಡಿದರೆ ಮನಸ್ಸಿಗೆ ನೋವಾಗುವುದು ಸಹಜ. ಆದರೆ ದೋಷ ಪರದೆಯಲ್ಲಿದೆಯೋ, ಪರದೆಗೆ ಬರುತ್ತಿರುವ ಚಿತ್ರದಲ್ಲಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಬೇಕು. ಅದನ್ನು ನೋಡದೆ ಮಾನಿಟರನ್ನು ಡಬ್ಬಿಗೆ ತುಂಬಿ ಹಿಂದಿರುಗಿಸಿದವರಿಗೆ ಬದಲಿಯಾಗಿ ಬಂದ ಮಾನಿಟರಿನಲ್ಲೂ ಅದೇ ಪಟ್ಟೆಗಳು ಕಾಣುವ ಸಂಭವವೇ ಹೆಚ್ಚು. ಆದ್ದರಿಂದ ಉತ್ತರಗಳು ಸ್ವಲ್ಪ ಉದ್ದವಾದರೂ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಮಾನ್ಯರೇ, ಇತ್ತೀಚೆಗೆ 27 ಇಂಚಿನ, 2560×1440 ಪಿಕ್ಸೆಲ್‌ಗಳ, 240 ಹರ್ಟ್ಜ್ ಓಎಲ್‌ಇಡಿ ಮಾನಿಟರ್ ಕೊಂಡಿದ್ದೇನೆ. ಆಟಗಳಲ್ಲಿ ಮುಸ್ಸಂಜೆಯ ಆಕಾಶ ಬಂದಾಗಲೆಲ್ಲ ಬಣ್ಣ ನಯವಾಗಿ ಬದಲಾಗದೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಟಾಗೋರ್ ಕಡಲತೀರದಲ್ಲಿ ನಾನೇ ಮೊಬೈಲಿನಲ್ಲಿ ತೆಗೆದ ಸೂರ್ಯಾಸ್ತದ ಚಿತ್ರಗಳಲ್ಲೂ ಹಾಗೆಯೇ ಇದೆ. ಹಳೆಯ ಎಲ್‌ಸಿಡಿ ಮಾನಿಟರಿನಲ್ಲಿ ಇದನ್ನು ನಾನು ಗಮನಿಸಿರಲಿಲ್ಲ. ಪ್ಯಾನೆಲ್ ಕೆಟ್ಟಿದೆಯೇ?
— ಕಾಲೇಜು ವಿದ್ಯಾರ್ಥಿ, ಕಾರವಾರ

ಉತ್ತರ: ನೀವು ಹೇಳುವ ಲಕ್ಷಣಗಳನ್ನು ನೋಡಿದರೆ ಪ್ಯಾನೆಲ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದನ್ನು ನೀವೇ ನಿಶ್ಚಯಿಸಿಕೊಳ್ಳಲು ಒಂದು ಪರೀಕ್ಷೆ ಮಾಡಿ. ಸೂರ್ಯಾಸ್ತದ ಚಿತ್ರವನ್ನು ಪೂರ್ತಿ ಪರದೆಯಲ್ಲಿ ತೆರೆಯದೆ ಸಣ್ಣ ಕಿಟಕಿಯಲ್ಲಿ ತೆರೆದು, ಆ ಕಿಟಕಿಯನ್ನು ಮೌಸಿನಿಂದ ಹಿಡಿದು ನಿಧಾನವಾಗಿ ಮೇಲೆ ಕೆಳಗೆ, ಅತ್ತ ಇತ್ತ ಎಳೆಯಿರಿ. ಪಟ್ಟೆಗಳು ಚಿತ್ರದ ಜೊತೆಗೇ ಸರಿದರೆ ಅವು ಚಿತ್ರದಲ್ಲಿಯೇ ಇವೆ. ಚಿತ್ರ ಸರಿದರೂ ಪಟ್ಟೆಗಳು ಗಾಜಿನ ಮೇಲೆ ಇದ್ದಲ್ಲಿಯೇ ಉಳಿದರೆ ಮಾತ್ರ ಪ್ಯಾನೆಲ್‌ನ ಕಡೆಗೆ ಬೆರಳು ತೋರಿಸಬಹುದು. ಅದೇ ಚಿತ್ರವನ್ನು ಮೊಬೈಲಿನ ಪರದೆಯಲ್ಲೂ ಹಿಗ್ಗಿಸಿ ನೋಡಿ. ಪಟ್ಟೆಗಳು ಅದೇ ಮೋಡದ ಪಕ್ಕ, ಅದೇ ಎತ್ತರದಲ್ಲಿ ಕಂಡರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ.

ಇನ್ನು ಪಟ್ಟೆಗಳು ಏಕೆ ಹುಟ್ಟುತ್ತವೆ ಎಂಬ ವಿಷಯ. ಸಾಮಾನ್ಯ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಪ್ರತಿಯೊಂದಕ್ಕೂ 8 ಬಿಟ್, ಅಂದರೆ 256 ಮಟ್ಟಗಳು ಮಾತ್ರ ಇರುತ್ತವೆ. ಮೂರನ್ನೂ ಕೂಡಿಸಿದಾಗ ಸುಮಾರು 1 ಕೋಟಿ 67 ಲಕ್ಷ ಬಣ್ಣಗಳಾಗುತ್ತವೆ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಆ ಸಂಖ್ಯೆ ದೊಡ್ಡದಾಗಿ ಕಂಡರೂ ಸಂಜೆಯ ಆಕಾಶಕ್ಕೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ನಿಮ್ಮ ಚಿತ್ರದಲ್ಲಿ ನೆತ್ತಿಯ ಮೇಲಿನ ನೀಲಿಗೂ ಕಡಲಂಚಿನ ನೀಲಿಗೂ ನಡುವೆ 24 ಮಟ್ಟಗಳಷ್ಟೇ ವ್ಯತ್ಯಾಸವಿದೆ ಎಂದುಕೊಳ್ಳಿ. ಆ ಆಕಾಶ ಪರದೆಯ 1440 ಪಿಕ್ಸೆಲ್ ಎತ್ತರವನ್ನು ತುಂಬಿದಾಗ ಪ್ರತಿ ಮಟ್ಟಕ್ಕೂ 60 ಪಿಕ್ಸೆಲ್ ಅಗಲದ ಒಂದು ಪಟ್ಟೆ ಸಿಗುತ್ತದೆ. 27 ಇಂಚಿನ ಪರದೆಯಲ್ಲಿ ಅದು ಸುಮಾರು ಒಂದೂವರೆ ಸೆಂಟಿಮೀಟರ್ ಅಗಲ. ಪಕ್ಕಪಕ್ಕದ ಎರಡು ಪಟ್ಟೆಗಳ ನಡುವಿನ ವ್ಯತ್ಯಾಸ ಅತ್ಯಲ್ಪವಾದರೂ ನಮ್ಮ ಕಣ್ಣು ಆ ಗಡಿಯನ್ನು ಇರುವುದಕ್ಕಿಂತ ಎತ್ತಿ ತೋರಿಸುತ್ತದೆ. ಇದನ್ನು ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ 1865ರಷ್ಟು ಹಿಂದೆಯೇ ವಿವರಿಸಿದ್ದರು.

ಹಳೆಯ ಎಲ್‌ಸಿಡಿಯಲ್ಲೂ ಈ ಪಟ್ಟೆಗಳು ಇದ್ದವು. ಅದರ ಹಿಂಬದಿಯ ದೀಪದ ಬೆಳಕು ಕಪ್ಪು ಭಾಗಗಳಿಂದಲೂ ಸೋರಿ ಬರುವುದರಿಂದ ಕಡು ಛಾಯೆಗಳೆಲ್ಲ ಒಂದೇ ಬೂದು ಮಬ್ಬಿನಲ್ಲಿ ಕಲೆತುಹೋಗುತ್ತಿದ್ದವು. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ತಾನೇ ಪೂರ್ತಿ ಆರುತ್ತದೆ. ಹಾಗಾಗಿ ಸೊನ್ನೆಯ ಮಟ್ಟ ನಿಜಕ್ಕೂ ಕಪ್ಪಾಗಿದ್ದು, ಅದರ ಮೇಲಿನ ಒಂದು, ಎರಡು, ಮೂರನೆಯ ಮಟ್ಟಗಳು ಕತ್ತಲೆಯ ಕೋಣೆಯಲ್ಲಿ ಬಿಡಿಬಿಡಿಯಾಗಿ ಕಣ್ಣಿಗೆ ಬೀಳುತ್ತವೆ. ಪರದೆ ಉತ್ತಮವಾದಷ್ಟೂ ಚಿತ್ರದ ಬಡತನ ಬಯಲಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಆದರೂ ನಿಮ್ಮ ಕೈಯಲ್ಲಿ ಮಾಡಬಹುದಾದ ಕೆಲಸಗಳು ಸಾಕಷ್ಟಿವೆ. ಮೊದಲಿಗೆ ಗ್ರಾಫಿಕ್ಸ್ ಕಾರ್ಡು ಎಷ್ಟು ಬಿಟ್ ಕಳುಹಿಸುತ್ತಿದೆ ಎಂದು ನೋಡಿ. ಎನ್‌ವಿಡಿಯಾ ಕಾರ್ಡಾದರೆ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೆಸಲ್ಯೂಷನ್ ಬದಲಿಸುವ ಪುಟದ ಕೆಳಭಾಗದಲ್ಲಿ ಔಟ್‌ಪುಟ್ ಕಲರ್ ಡೆಪ್ತ್ ಎಂಬ ಆಯ್ಕೆ ಇರುತ್ತದೆ; ಅಲ್ಲಿ 10 ಬಿಟ್ ಆರಿಸಿದರೆ ಪ್ರತಿ ಬಣ್ಣಕ್ಕೆ 1024 ಮಟ್ಟಗಳು, ಒಟ್ಟು ಸುಮಾರು 107 ಕೋಟಿ ಬಣ್ಣಗಳು ಸಿಗುತ್ತವೆ. ಅದೇ ಪುಟದಲ್ಲಿ ಡೈನಮಿಕ್ ರೇಂಜ್ ಫುಲ್ ಎಂದಿರಬೇಕು. ಕಾರ್ಡಿನಲ್ಲಿ ಲಿಮಿಟೆಡ್, ಮಾನಿಟರಿನಲ್ಲಿ ಫುಲ್ ಎಂದಿದ್ದರೆ ಕಪ್ಪು ಬೂದಾಗುವುದಲ್ಲದೆ, ಇರುವ ಮಟ್ಟಗಳೂ ಕಡಿಮೆಯಾಗುತ್ತವೆ.

10 ಬಿಟ್ ಆಯ್ಕೆಯೇ ಕಾಣದಿದ್ದರೆ ಕೇಬಲ್ಲಿನ ಲೆಕ್ಕವನ್ನು ನೋಡಬೇಕು. ನಿಮ್ಮ ಮಾನಿಟರಿಗೆ 240 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 240 ಸಲ, 10 ಬಿಟ್ ಚಿತ್ರ ತಲುಪಬೇಕಾದರೆ ಬರಿಯ ಪಿಕ್ಸೆಲ್‌ಗಳಿಗೇ ಸೆಕೆಂಡಿಗೆ ಸುಮಾರು 26.5 ಗಿಗಾಬಿಟ್ ಬೇಕು. ಡಿಸ್‌ಪ್ಲೇಪೋರ್ಟ್ 1.4 ಸಂಪರ್ಕದಲ್ಲಿ ಚಿತ್ರಕ್ಕೆ ದೊರೆಯುವುದು 25.92 ಗಿಗಾಬಿಟ್ ಮಾತ್ರ. ಆದ್ದರಿಂದ ಡಿಎಸ್‌ಸಿ ಎಂಬ ಸಂಕೋಚನ ವಿಧಾನವನ್ನು ಬಳಸುತ್ತಾರೆ. ಕೆಲವರು ಡಿಎಸ್‌ಸಿಯಿಂದಲೇ ಪಟ್ಟೆ ಬರುತ್ತದೆಂಬ ಭಯದಿಂದ ಮಾನಿಟರಿನ ಮೆನುವಿನಲ್ಲಿ ಅದನ್ನು ಆಫ್ ಮಾಡಿಬಿಡುತ್ತಾರೆ. ಆಗ ಕಾರ್ಡು ಬೇರೆ ದಾರಿಯಿಲ್ಲದೆ 8 ಬಿಟ್‌ಗೆ ಇಳಿಯುತ್ತದೆ. ಡಿಎಸ್‌ಸಿಯನ್ನು ಕಣ್ಣಿಗೆ ವ್ಯತ್ಯಾಸ ತಿಳಿಯದ ಹಾಗೆಯೇ ರೂಪಿಸಿದ್ದಾರೆ, ಅದನ್ನು ಚಾಲೂ ಇಟ್ಟುಕೊಳ್ಳಿ.

ಬಳಿಕ ಮಟ್ಟಗಳನ್ನು ತಿನ್ನುವ ವಸ್ತುಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ರಾತ್ರಿ ಕಣ್ಣಿಗೆ ಹಿತವೆಂದು ಹಾಕಿಕೊಳ್ಳುವ ನೈಟ್ ಲೈಟ್ ನೀಲಿಯ 256 ಮಟ್ಟಗಳನ್ನು ಇನ್ನೂ ಕಡಿಮೆ ಜಾಗಕ್ಕೆ ಒತ್ತುತ್ತದೆ. ಶತ್ರು ಕತ್ತಲಲ್ಲೂ ಕಾಣಲಿ ಎಂದು ಗೇಮಿಂಗ್ ಮಾನಿಟರುಗಳಲ್ಲಿ ಕೊಡುವ ಕಡುಛಾಯೆ ಎತ್ತುವ ಸೌಲಭ್ಯ, ಕಪ್ಪಿನ ಸಮೀಪದ ಕೆಲವೇ ಮಟ್ಟಗಳನ್ನು ಜಗ್ಗಿ ಅಗಲಿಸಿ ಪಟ್ಟೆಗಳನ್ನು ಎದ್ದು ಕಾಣಿಸುತ್ತದೆ. ಬೇರೊಬ್ಬರ ಮಾನಿಟರಿಗೆಂದು ತಯಾರಿಸಿದ ಬಣ್ಣದ ಪ್ರೊಫೈಲನ್ನು ಇಳಿಸಿಕೊಂಡು ಹಾಕಿದ್ದರೆ ಅದನ್ನೂ ತೆಗೆಯಿರಿ. ಆಟಗಳಲ್ಲಿ ಫಿಲ್ಮ್ ಗ್ರೇನ್ ಎಂಬ ಆಯ್ಕೆಯನ್ನು ಬಹಳ ಮಂದಿ ಕಂಡಕೂಡಲೇ ಆಫ್ ಮಾಡುತ್ತಾರೆ. ಆದರೆ ಅದರ ಸಣ್ಣ ಕಾಳು ಪಟ್ಟೆಯ ಗಡಿಯನ್ನು ಒಡೆದು ಹರಡುತ್ತದೆ, ಆಕಾಶ ಮತ್ತೆ ನಯವಾಗಿ ಕಾಣುತ್ತದೆ. ಇದನ್ನೇ ಕಣ್ಣಿಗೆ ಗೊತ್ತಾಗದಷ್ಟು ಸೂಕ್ಷ್ಮವಾಗಿ ಮಾಡುವ ತಂತ್ರಕ್ಕೆ ಡಿದರಿಂಗ್ ಎನ್ನುತ್ತಾರೆ. ಕತ್ತಲೆ-ಬೆಳಕಿನ ವ್ಯಾಪ್ತಿಯನ್ನು ಹಿಗ್ಗಿಸುವ ಎಚ್‌ಡಿಆರ್ ಸೌಲಭ್ಯವನ್ನು ಆಟ ಒದಗಿಸಿದರೆ ಬಳಸಿ ನೋಡಿ, ಆಗ ಆಟದೊಳಗಿನಿಂದಲೇ ಹೆಚ್ಚು ಮಟ್ಟಗಳು ಹೊರಬರುತ್ತವೆ. ಸೂರ್ಯಾಸ್ತದ ಹಳೆಯ ಜೆಪೆಗ್ ಚಿತ್ರಗಳಿಗೆ ಮಾತ್ರ ಇವು ಯಾವುವೂ ಪೂರ್ತಿ ಪರಿಹಾರವಲ್ಲ. 8 ಬಿಟ್‌ನಲ್ಲಿ ಉಳಿಸಿದ ಚಿತ್ರದಲ್ಲಿ ಇಲ್ಲದ ಛಾಯೆಯನ್ನು 10 ಬಿಟ್ ಕೇಬಲ್ ತಂದುಕೊಡಲಾರದು. ಮುಂದಿನ ಸಲ ಮೊಬೈಲಿನಲ್ಲಿ ಕ್ಯಾಮೆರಾ ಕಂಡ ಹೆಚ್ಚಿನ ಮಟ್ಟಗಳನ್ನು ಹಾಗೆಯೇ ಉಳಿಸುವ ರಾ ವಿಧಾನವಿದ್ದರೆ ಅದರಲ್ಲಿ ತೆಗೆಯಿರಿ.

ಪ್ರಶ್ನೆ: ನನ್ನ ಓಎಲ್‌ಇಡಿ ಮಾನಿಟರಿನಲ್ಲಿ ಕತ್ತಲೆಯ ದೃಶ್ಯ ಬಂದಾಗ ಉದ್ದುದ್ದ ಲಂಬ ಗೆರೆಗಳು ಕಾಣುತ್ತವೆ, ಚಿತ್ರ ಸರಿದರೂ ಅವು ಸರಿಯುವುದಿಲ್ಲ. ಕೊಂಡ ಹೊಸತರಲ್ಲಿ ಇಷ್ಟು ಇರಲಿಲ್ಲ. ನಮ್ಮ ಮನೆಯಲ್ಲಿ ಸಿಡಿಲಿನ ಭಯದಿಂದ ಕೆಲಸ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡುವ ರೂಢಿಯಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?
— ಗೃಹಸ್ಥರು, ಶಿರಸಿ ಸಮೀಪ

ಉತ್ತರ: ಸಂಬಂಧವಿದೆ. ನೀವು ಆ ರೂಢಿಯನ್ನು ಪತ್ರದಲ್ಲಿ ಬರೆದದ್ದು ಬಹಳ ಒಳ್ಳೆಯದಾಯಿತು.

ಓಎಲ್‌ಇಡಿಯ ಪ್ರತಿ ಪಿಕ್ಸೆಲ್ಲಿಗೂ ವಿದ್ಯುತ್ತನ್ನು ಅಳೆದು ಕೊಡುವ ಅತಿ ತೆಳುವಾದ ಟ್ರಾನ್ಸಿಸ್ಟರುಗಳು ಇರುತ್ತವೆ. ಲಕ್ಷಾಂತರ ಟ್ರಾನ್ಸಿಸ್ಟರುಗಳನ್ನು ಗಾಜಿನ ಮೇಲೆ ಹರಡುವಾಗ ಎಲ್ಲವೂ ಒಂದೇ ತೂಕಕ್ಕೆ ಬರುವುದಿಲ್ಲ, ಬಳಸುತ್ತಾ ಹೋದಂತೆ ಅವುಗಳ ಗುಣ ಸ್ವಲ್ಪ ಸ್ವಲ್ಪ ಬದಲಾಗುತ್ತಲೂ ಇರುತ್ತದೆ. ಬೆಳಕು ಜಾಸ್ತಿಯಿದ್ದಾಗ ಈ ಏರುಪೇರು ತಿಳಿಯದು. ಕಪ್ಪಿಗಿಂತ ತುಸುವೇ ಮೇಲಿನ ಕಡುಬೂದಿಯಲ್ಲಿ, ಎಲ್ಲೆಲ್ಲೂ ವಿದ್ಯುತ್ತು ಅತ್ಯಲ್ಪವಾಗಿ ಹರಿಯುವಾಗ, ಅದು ಲಂಬ ಗೆರೆಗಳಾಗಿ ಎದ್ದು ಕಾಣುತ್ತದೆ. ಇದನ್ನು ಸರಿದೂಗಿಸಲು ಮಾನಿಟರ್ ತಾನೇ ಆಗಾಗ ಪಿಕ್ಸೆಲ್‌ಗಳನ್ನು ಅಳೆದು ತಿದ್ದಿಕೊಳ್ಳುತ್ತದೆ. ಒಟ್ಟು ನಾಲ್ಕು ಗಂಟೆಯಷ್ಟು ಬಳಕೆಯಾದ ಮೇಲೆ, ನೀವು ಮಾನಿಟರಿನ ಗುಂಡಿ ಒತ್ತಿ ಆರಿಸಿದಾಗ ಅಥವಾ ಅದು ಸ್ಟ್ಯಾಂಡ್‌ಬೈಗೆ ಹೋದಾಗ, ಈ ಕೆಲಸ ಕೆಲವು ನಿಮಿಷ ನಡೆಯುವುದು ಸಾಮಾನ್ಯ ಕ್ರಮ. ಆ ಹೊತ್ತಿನಲ್ಲಿ ಪರದೆ ಕಪ್ಪಾಗಿದ್ದರೂ ಒಳಗೆ ವಿದ್ಯುತ್ ಬೇಕು. ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಆ ತಿದ್ದುಪಡಿ ನಡೆಯುವುದೇ ಇಲ್ಲ. ತಿಂಗಳುಗಟ್ಟಲೆ ಹಾಗೆ ಮಾಡಿದರೆ ಗೆರೆಗಳು ಹೆಚ್ಚುತ್ತಾ ಹೋಗುತ್ತವೆ.

ಹಾಗೆಂದು ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕೀಳಬೇಡಿ ಎಂದು ಹೇಳುವಷ್ಟು ಧೈರ್ಯ ಘಟ್ಟದ ಮೇಲಿನ ಮನೆಗಳನ್ನು ಬಲ್ಲ ಯಾರಿಗೂ ಬಾರದು. ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು ಮಳೆಯಲ್ಲಿ ಪ್ಲಗ್ ಕೀಳಲೇಬೇಕು, ಜೊತೆಗೆ ಇಂಟರ್ನೆಟ್ಟಿನ ತಂತಿಯನ್ನೂ ಕೀಳಬೇಕು. ಮಳೆ ನಿಂತು ಆಕಾಶ ತಿಳಿಯಾದ ಮೇಲೆ ಪ್ಲಗ್ ಮತ್ತೆ ಹಾಕಿ, ಮಾನಿಟರನ್ನು ಅದರ ಗುಂಡಿಯಿಂದಲೇ ಆರಿಸಿ, ಅರ್ಧ ಗಂಟೆ ಹಾಗೆಯೇ ಬಿಡಿ. ಬಹುತೇಕ ಮಾನಿಟರುಗಳಲ್ಲಿ ಈ ಕೆಲಸ ನಡೆಯುವಾಗ ಸಣ್ಣ ದೀಪವೊಂದು ಮಿನುಗುತ್ತಿರುತ್ತದೆ, ಅದು ನಿಲ್ಲುವವರೆಗೆ ಕಾಯಿರಿ. ಕರೆಂಟು ಪದೇ ಪದೇ ಹೋಗುವ ಊರಾದರೆ ಸಣ್ಣ ಯುಪಿಎಸ್ ಇದ್ದರೆ ಅನುಕೂಲ.

ಕೆಲವು ದಿನ ಹೀಗೆ ಮಾಡಿ ನೋಡಿದ ಮೇಲೂ ಗೆರೆ ಉಳಿದರೆ ಮೆನುವಿನಲ್ಲಿರುವ ಪಿಕ್ಸೆಲ್ ರಿಫ್ರೆಶ್ ಅನ್ನು ಒಮ್ಮೆ ಕೈಯಾರೆ ನಡೆಸಿ. ವಾಸಿಯಾಗಲಿಲ್ಲವೆಂದು ಅದನ್ನು ದಿನಾ ನಡೆಸಬಾರದು, ಅದು ಪ್ಯಾನೆಲ್‌ಗೆ ಹಿತವಲ್ಲ. ಕತ್ತಲೆ ಕೋಣೆಯಲ್ಲಿ ಕಡುಬೂದಿಯ ಪರದೆಗೆ ಮೂಗು ತಾಗಿಸಿದಾಗ ಮಾತ್ರ ಕಾಣುವ ಗೆರೆ ಬಹುತೇಕ ಎಲ್ಲ ಓಎಲ್‌ಇಡಿಗಳಲ್ಲೂ ಇರುತ್ತದೆ. ಮಧ್ಯಮ ಬೂದಿಯಲ್ಲೂ, ಹಗಲಿನಲ್ಲೂ ಕಾಣುವ ಗೆರೆಗೆ ಮಾತ್ರ ವಾರಂಟಿಯಲ್ಲಿ ದೂರು ಕೊಡಿ. ವಾರಂಟಿ ಪತ್ರದಲ್ಲಿ ಬರ್ನ್-ಇನ್ (ಬಹಳ ಹೊತ್ತು ನಿಂತ ಚಿತ್ರದ ಗುರುತು ಪರದೆಯಲ್ಲಿ ಅಚ್ಚಾಗಿ ಉಳಿಯುವುದು) ಸೇರಿದೆಯೇ ಎಂಬುದನ್ನೂ ಈಗಲೇ ಓದಿಟ್ಟುಕೊಳ್ಳಿ. ಪರದೆಯ ಕೆಳಗೆ ಟಾಸ್ಕ್‌ಬಾರಿನ ಅಗಲದಷ್ಟೇ ಅಡ್ಡ ಪಟ್ಟೆಯೊಂದು ಉಳಿದುಬಿಟ್ಟರೆ ಅದು ಈ ಲಂಬ ಗೆರೆಗಳ ಜಾತಿಯದಲ್ಲ, ಬರ್ನ್-ಇನ್.

ಪ್ರಶ್ನೆ: 0.03 ಮಿಲಿಸೆಕೆಂಡ್ ಎಂದು ಬರೆದದ್ದನ್ನು ನೋಡಿ 240 ಹರ್ಟ್ಜ್ ಓಎಲ್‌ಇಡಿ ಕೊಂಡೆ. ಆದರೆ ಕ್ಯಾಮೆರಾ ತಿರುಗಿಸಿದಾಗ ಆಟ ಹಳೆಯ ಎಲ್‌ಸಿಡಿಗಿಂತ ಹೆಚ್ಚು ತಡವರಿಸಿದಂತೆ ಕಾಣುತ್ತದೆ. ಲೋಡಿಂಗ್ ಪರದೆಯಲ್ಲಿ ಕಪ್ಪು ಭಾಗ ಮಿಣಮಿಣ ಮಿನುಗುತ್ತದೆ. ಏನು ಮಾಡಲಿ?
— ಕುಮಟಾದ ಓದುಗರು

ಉತ್ತರ: ಎಲ್ಲಕ್ಕಿಂತ ಮೊದಲು ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎಂಬ ಅಂಕಿ, ಎಷ್ಟಿದೆ ಎಂದು ನೋಡಿ. ಹೊಸ ಮಾನಿಟರನ್ನು ಜೋಡಿಸಿದಾಗ ಅದು 60ರಲ್ಲೇ ಉಳಿದಿರುವುದು ತೀರ ಸಾಮಾನ್ಯ. ಡಬ್ಬಿಯ ಮೇಲೆ 240 ಎಂದು ಬರೆದಿದ್ದರೂ ಆರಿಸಿಕೊಳ್ಳಬೇಕಾದವರು ನಾವೇ. ಹಳೆಯ ಎಚ್‌ಡಿಎಂಐ 2.0 ಕೇಬಲ್ಲಿನಲ್ಲಿ ಈ ರೆಸಲ್ಯೂಷನ್ನಿಗೆ 240ರ ಆಯ್ಕೆಯೇ ಸಿಗದೆ 144ಕ್ಕೆ ನಿಲ್ಲಬಹುದು, ಆಗ ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಿ.

ಇನ್ನು ಆ 0.03 ಮಿಲಿಸೆಕೆಂಡ್. ಒಂದು ಪಿಕ್ಸೆಲ್ ಒಂದು ಬಣ್ಣದಿಂದ ಇನ್ನೊಂದಕ್ಕೆ ಹೊರಳಲು ಹಿಡಿಯುವ ಹೊತ್ತು ಅದು. ಎಲ್‌ಸಿಡಿಗೆ ಇದೇ ಕೆಲಸಕ್ಕೆ ಹಲವು ಮಿಲಿಸೆಕೆಂಡ್ ಬೇಕಾಗುವುದರಿಂದ ಓಡುವ ವಸ್ತುವಿನ ಹಿಂದೆ ಮಸುಕು ಬಾಲ ಕಾಣುತ್ತದೆ. ಓಎಲ್‌ಇಡಿಯಲ್ಲಿ ಆ ಬಾಲ ಇಲ್ಲ. ಆದರೆ ಚಲನೆಯ ನಯಕ್ಕೆ ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ: ಒಂದು ಫ್ರೇಮು, ಅಂದರೆ ಚಲನೆಯ ಒಂದು ಬಿಡಿ ಚಿತ್ರ, ಪರದೆಯ ಮೇಲೆ ಎಷ್ಟು ಹೊತ್ತು ಅಲುಗದೆ ನಿಂತಿರುತ್ತದೆ ಎಂಬುದು. ಸೆಕೆಂಡಿಗೆ 60 ಫ್ರೇಮಿನಲ್ಲಿ ಆ ಹೊತ್ತು 16.7 ಮಿಲಿಸೆಕೆಂಡ್, 120ರಲ್ಲಿ 8.3, 240ರಲ್ಲಿ ಸುಮಾರು 4.2. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುವ ಕಾರನ್ನು ನಿಮ್ಮ ಕಣ್ಣು ಹಿಂಬಾಲಿಸುತ್ತಿದೆ ಎನ್ನಿ. 60 ಫ್ರೇಮಿನಲ್ಲಿ ಕಾರು ಒಂದೊಂದು ಸಲಕ್ಕೆ 16 ಪಿಕ್ಸೆಲ್ ಹಾರುತ್ತದೆ. ಕಣ್ಣು ಮಾತ್ರ ಒಂದೇ ಸಮನೆ ಸರಿಯುತ್ತಿರುವುದರಿಂದ ನಿಂತ ಚಿತ್ರ ಕಣ್ಣೊಳಗೆ 16 ಪಿಕ್ಸೆಲ್ಲಿನಷ್ಟು ಸವರಿಹೋಗುತ್ತದೆ. 240 ಫ್ರೇಮಾದರೆ ಅದು 4 ಪಿಕ್ಸೆಲ್. ಪಿಕ್ಸೆಲ್ಲಿನ ವೇಗ ಎಷ್ಟಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ನಿಮಗೆ ಹಳೆಯ ಎಲ್‌ಸಿಡಿಯೇ ನಯವೆನಿಸಿದ್ದಕ್ಕೆ ಕಾರಣ ಇಲ್ಲಿದೆ. ಅದರ ಮಸುಕು ಬಾಲ ಒಂದು ಫ್ರೇಮನ್ನು ಮುಂದಿನದರೊಳಗೆ ಕರಗಿಸಿ ಹಾರಿಕೆಯನ್ನು ಮುಚ್ಚುತ್ತಿತ್ತು. ಓಎಲ್‌ಇಡಿ ಪ್ರತಿ ಫ್ರೇಮನ್ನೂ ಅಂಚು ಕಡಿದಂತೆ ತೋರಿಸಿ, ತಟ್ಟನೆ ಮುಂದಿನದಕ್ಕೆ ಹೋಗುತ್ತದೆ; ಹಾಗಾಗಿ ಕಡಿಮೆ ಫ್ರೇಮುಗಳ ಆಟದಲ್ಲಿ ತಡವರಿಕೆ ಇದ್ದದ್ದು ಇದ್ದ ಹಾಗೆಯೇ ಕಾಣುತ್ತದೆ. ನಿಮ್ಮ ಗ್ರಾಫಿಕ್ಸ್ ಕಾರ್ಡು 50-60 ಫ್ರೇಮು ಮಾತ್ರ ಕೊಡುತ್ತಿದ್ದರೆ 240 ಹರ್ಟ್ಜ್ ಮಾನಿಟರಿನ ಬೆಲೆಯ ದೊಡ್ಡ ಪಾಲು ವ್ಯರ್ಥವಾಗುತ್ತಿದೆ ಎಂದೇ ಅರ್ಥ. ಆಟದ ಚಿತ್ರಗುಣವನ್ನು ಒಂದು ಹಂತ ಇಳಿಸಿ 100ರ ಮೇಲೆ ಫ್ರೇಮು ತೆಗೆದುಕೊಳ್ಳಿ. ನೆರಳು, ಪ್ರತಿಫಲನಗಳ ಗುಣ ಇಳಿಸಿದ ನಷ್ಟ ಹೆಚ್ಚಿನ ಆಟಗಳಲ್ಲಿ ಗಮನಕ್ಕೆ ಬರುವುದಿಲ್ಲ, ಚಲನೆಯಲ್ಲಿ ಸಿಗುವ ಲಾಭ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಇದು ನನ್ನ ದೃಢವಾದ ಅಭಿಪ್ರಾಯ.

ಸರಾಸರಿಯನ್ನು ಮಾತ್ರ ನೋಡಿ ನಂಬಬೇಡಿ. ಒಂದು ಫ್ರೇಮು 10 ಮಿಲಿಸೆಕೆಂಡಿನಲ್ಲಿ, ಮುಂದಿನದು 23ರಲ್ಲಿ, ಮತ್ತೆ 10ರಲ್ಲಿ, ಮತ್ತೆ 23ರಲ್ಲಿ ಬರುತ್ತಿದ್ದರೆ ಮೂಲೆಯ ಅಂಕಿ ಸರಾಸರಿ 60 ಎಂದೇ ತೋರಿಸುತ್ತದೆ, ಕಣ್ಣು ಮಾತ್ರ ಒಪ್ಪುವುದಿಲ್ಲ. ಫ್ರೇಮ್ ಟೈಮಿನ ಗೆರೆಯನ್ನು ತೋರಿಸುವ ಸಾಧನ ಹಾಕಿಕೊಂಡು ಆ ಗೆರೆ ಸಪಾಟಾಗಿದೆಯೇ ನೋಡಿ. ಏರಿಳಿತವಿದ್ದರೆ, ಎರಡು ರ್‍ಯಾಮ್ ಕಡ್ಡಿ ಇರಬೇಕಾದಲ್ಲಿ ಒಂದೇ ಇದೆಯೇ, ಹಿನ್ನೆಲೆಯಲ್ಲಿ ಬೇರೇನಾದರೂ ಓಡುತ್ತಿದೆಯೇ, ಮಧ್ಯಾಹ್ನದ ಸೆಕೆಯಲ್ಲಿ ಪ್ರೊಸೆಸರ್ ಕಾದು ವೇಗ ತಗ್ಗಿಸುತ್ತಿದೆಯೇ ಎಂದು ಪರೀಕ್ಷಿಸಿ. ಕರಾವಳಿಯ ಬೇಸಿಗೆಯಲ್ಲಿ, ಧೂಳು ಹಿಡಿದ ಫ್ಯಾನಿನ ಕಂಪ್ಯೂಟರಿಗೆ, ಈ ಕೊನೆಯ ಕಾರಣವನ್ನು ಮೊದಲು ನೋಡಬೇಕು. ಆಟವನ್ನು ಹೊಸದಾಗಿ ಹಾಕಿದ ಮೊದಲ ಕೆಲವು ಹೊತ್ತು ಶೇಡರ್‌ಗಳು (ಬೆಳಕು, ಬಣ್ಣ ಬಿಡಿಸುವ ಸಣ್ಣ ಪ್ರೋಗ್ರಾಮುಗಳು) ತಯಾರಾಗುವಾಗಲೂ ತಡವರಿಕೆ ಇರುತ್ತದೆ, ಅದು ತಾನಾಗಿ ಕಡಿಮೆಯಾಗುತ್ತದೆ.

ಕಪ್ಪು ಭಾಗ ಮಿನುಗುವುದಕ್ಕೆ ಕಾರಣ ವಿಆರ್‌ಆರ್. ಕಾರ್ಡು ಫ್ರೇಮು ಕೊಟ್ಟಾಗ ಮಾತ್ರ ಪರದೆ ಹೊಸದಾಗಲಿ ಎಂಬ ಈ ವ್ಯವಸ್ಥೆಯನ್ನು ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಎಂಬ ಹೆಸರಿನಲ್ಲಿ ಪ್ರಕಟಿಸಿತು, ಎಎಂಡಿಯದಕ್ಕೆ ಫ್ರೀಸಿಂಕ್ ಎನ್ನುತ್ತಾರೆ. ಅದರಿಂದ ಹರಿದ ಚಿತ್ರ, ತಡವರಿಕೆ ಎರಡೂ ಕಡಿಮೆಯಾಗುತ್ತವೆ. ಆದರೆ ಓಎಲ್‌ಇಡಿಯ ಕಡುಛಾಯೆಗಳ ಹೊಳಪನ್ನು ಹೆಚ್ಚಿನ ರಿಫ್ರೆಶ್ ರೇಟಿಗೆ ಹೊಂದಿಸಿರುತ್ತಾರೆ. ಫ್ರೇಮುಗಳ ನಡುವಿನ ಹೊತ್ತು ಹೆಚ್ಚುಕಡಿಮೆಯಾದಂತೆ ಆ ಹೊಳಪೂ ತುಸು ಬದಲಾಗುತ್ತದೆ. ಲೋಡಿಂಗ್ ಪರದೆಯಲ್ಲಿ ಫ್ರೇಮುಗಳು ನೂರಾರರಿಂದ ಹತ್ತಿಪ್ಪತ್ತಕ್ಕೆ ಬಿದ್ದು ಏಳುತ್ತಿರುವುದರಿಂದ ಮಿನುಗು ಅಲ್ಲಿಯೇ ಜಾಸ್ತಿ. ಆಟದೊಳಗೂ ಮಿನುಗಿದರೆ ನಿಮ್ಮ ಕಾರ್ಡು ಸದಾ ಮುಟ್ಟಬಲ್ಲ ಒಂದು ಅಂಕಿಗೆ, ಉದಾಹರಣೆಗೆ 100ಕ್ಕೋ 120ಕ್ಕೋ, ಫ್ರೇಮಿನ ಮಿತಿ ಹಾಕಿ. ಮಿತಿ ಹಾಕಿಯೂ ನಿಲ್ಲದ ಒಂದೆರಡು ಕತ್ತಲೆ ಆಟಗಳಿಗೆ ಮಾತ್ರ ವಿಆರ್‌ಆರ್ ಆಫ್ ಮಾಡಿ.

ಪ್ರಶ್ನೆ: ಯಕ್ಷಗಾನ ಪ್ರಸಂಗಗಳನ್ನು ಚಿತ್ರೀಕರಿಸಿ ಎಡಿಟ್ ಮಾಡುತ್ತೇನೆ. ಹೊಸ ಓಎಲ್‌ಇಡಿಯಲ್ಲಿ ವೇಷಧಾರಿ ಮಂಡಿ ಹಾಕಿ ತಿರುಗುವಾಗ ಕುಣಿತ ಸಮನಾಗಿ ಹರಿಯದೆ ಮುಗ್ಗರಿಸುತ್ತದೆ. ರಂಗದ ಹಿಂದಿನ ಕಪ್ಪು ಪರದೆಯಲ್ಲಿ ಚೌಕ ಚೌಕದ ಪಟ್ಟೆಗಳು ಕಾಣುತ್ತವೆ.
— ವಿಡಿಯೊ ಚಿತ್ರಕಾರರು, ಹೊನ್ನಾವರ

ಉತ್ತರ: ನಮ್ಮಲ್ಲಿ ವಿದ್ಯುತ್ 50 ಹರ್ಟ್ಜ್ ಇರುವುದರಿಂದ, ದೀಪಗಳ ಮಿನುಗು ದಾಖಲಾಗದಿರಲೆಂದು ನೀವು ಸರಿಯಾಗಿಯೇ 25 ಫ್ರೇಮಿನಲ್ಲಿ ಚಿತ್ರಿಸುತ್ತಿದ್ದೀರಿ ಎಂದು ಭಾವಿಸುತ್ತೇನೆ. ಆ 25 ಫ್ರೇಮನ್ನು 60 ಹರ್ಟ್ಜ್ ಪರದೆಯಲ್ಲಿ ತೋರಿಸಿದರೆ ಸಮನಾಗಿ ಹಂಚಲು ಬರುವುದಿಲ್ಲ. ಒಂದು ಫ್ರೇಮು ಎರಡು ಸಲ, ಮುಂದಿನದು ಎರಡು, ಆಮೇಲೆ ಮೂರು, ಮತ್ತೆ ಎರಡು, ಮತ್ತೆ ಮೂರು, ಹೀಗೆ ಐದು ಫ್ರೇಮುಗಳು ಹನ್ನೆರಡು ಸಲಕ್ಕೆ ಹಂಚಿಹೋಗುತ್ತವೆ. ಅಂದರೆ ಕೆಲವು 33 ಮಿಲಿಸೆಕೆಂಡ್, ಕೆಲವು 50 ಮಿಲಿಸೆಕೆಂಡ್ ನಿಲ್ಲುತ್ತವೆ. ಒಂದೇ ಲಯದಲ್ಲಿ ಸುತ್ತುವ ಮಂಡಿಕುಣಿತದಲ್ಲಿ, ಚಂಡೆಯ ಪೆಟ್ಟಿಗೆ ಸರಿಯಾಗಿ ತಿರುಗುವ ಕೇದಗೆ ಮುಂದಲೆಯ ಹೊಳೆಯುವ ಅಂಚು ಈ ಏರುಪೇರನ್ನು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. 240 ಹರ್ಟ್ಜ್ ಕೂಡ 25ರಿಂದ ಭಾಗವಾಗುವುದಿಲ್ಲ. ಅಲ್ಲಿ ಏರುಪೇರು ಸಣ್ಣದು ಅಷ್ಟೆ. ಎಡಿಟ್ ಮಾಡುವಾಗ ಮಾನಿಟರನ್ನು 100 ಅಥವಾ 200 ಹರ್ಟ್ಜ್‌ಗೆ ಇಡಿ. ಪಟ್ಟಿಯಲ್ಲಿ ಆ ಆಯ್ಕೆ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡಿನ ತಂತ್ರಾಂಶದಲ್ಲಿ ಕಸ್ಟಮ್ ರೆಸಲ್ಯೂಷನ್ ಎಂದು ಸೇರಿಸಿಕೊಳ್ಳಬಹುದು.

ಮಾನಿಟರಿಗಿಂತ ದೊಡ್ಡ ಸುಧಾರಣೆ ಕ್ಯಾಮೆರಾದಲ್ಲಿದೆ. ಮುಂದಿನ ಪ್ರಸಂಗವನ್ನು 50 ಫ್ರೇಮಿನಲ್ಲಿ, ಷಟರ್ 1/100 ಇಟ್ಟು ತೆಗೆಯಿರಿ. 50 ಹರ್ಟ್ಜ್ ದೀಪಗಳು ಸೆಕೆಂಡಿಗೆ 100 ಸಲ ಮಿನುಗುವುದರಿಂದ ಈ ಷಟರಿನಲ್ಲಿ ಅಡ್ಡ ಪಟ್ಟೆ ಬೀಳುವುದಿಲ್ಲ. ಬೆಳಕು ಮಾತ್ರ ಸ್ವಲ್ಪ ಹೆಚ್ಚು ಬೇಕು. ಕುಣಿತವೇ ಪ್ರಧಾನವಾದ ಕಲೆಗೆ 25 ಫ್ರೇಮು ಕಡಿಮೆ. ದಿಗಿಣ ಹಾರುವಾಗ ಕಾಲು ನೆಲ ಬಿಟ್ಟ ಗಳಿಗೆ ಎರಡು ಫ್ರೇಮುಗಳ ನಡುವೆ ಕಳೆದುಹೋಗಬಾರದು.

ಕಪ್ಪು ಪರದೆಯ ಚೌಕ ಪಟ್ಟೆಗಳು ಸಂಕೋಚನದಿಂದ ಬಂದವು. ಕಡತ ಸಣ್ಣದಾಗಲೆಂದು ವಿಡಿಯೊವನ್ನು ಕುಗ್ಗಿಸುವ ಕೊಡೆಕ್ ಮೊದಲು ಕತ್ತಲೆಯ ವಿವರವನ್ನೇ ಬಿಸಾಡುತ್ತದೆ. ಎಲ್‌ಸಿಡಿಯಲ್ಲಿ ಅಡಗಿದ್ದದ್ದು ಈಗ ಕಾಣುತ್ತಿದೆ. ಕ್ಯಾಮೆರಾ 10 ಬಿಟ್ ಕೊಟ್ಟರೆ ಅದರಲ್ಲೇ ಚಿತ್ರಿಸಿ, ಎಡಿಟ್ ಮಾಡುವಾಗ ಕಪ್ಪನ್ನು ಅತಿಯಾಗಿ ಎತ್ತಬೇಡಿ, ತೀರ ನವಿರಾದ ಗ್ರೇನ್ ಸೇರಿಸಿ, ಹೊರತೆಗೆಯುವಾಗ ಬಿಟ್‌ರೇಟ್ ಧಾರಾಳವಾಗಿ ಕೊಡಿ. ಪ್ರೇಕ್ಷಕರಲ್ಲೂ ಓಎಲ್‌ಇಡಿ ಮೊಬೈಲು ಇರುವವರು ಬಹಳ ಮಂದಿ ಇದ್ದಾರೆ, ನಿಮಗೆ ಕಂಡ ಪಟ್ಟೆ ಅವರಿಗೂ ಕಾಣುತ್ತದೆ.

ಪ್ರಶ್ನೆ: ಮಾನಿಟರಿನ ಫೋಟೊ ತೆಗೆದರೆ ಮೊಬೈಲಿನಲ್ಲಿ ಕಪ್ಪು ಅಡ್ಡಪಟ್ಟೆಗಳು ಬರುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಇದು ದೋಷವೇ?
— ಅಂಕೋಲಾದ ಓದುಗರು

ಉತ್ತರ: ದೋಷವಲ್ಲ. ಓಎಲ್‌ಇಡಿ ಪರದೆ ಸಾಲು ಸಾಲಾಗಿ ಮೇಲಿನಿಂದ ಕೆಳಗೆ ಹೊಸದಾಗುವಾಗ ಪ್ರತಿ ಸಾಲಿನ ಹೊಳಪೂ ಕ್ಷಣಕಾಲ ತಗ್ಗುತ್ತದೆ; ಮೊಬೈಲಿನ ಷಟರ್ ಬಹಳ ಚುರುಕಾಗಿದ್ದರೆ ಆ ತಗ್ಗನ್ನೇ ಪಟ್ಟೆಯಾಗಿ ಹಿಡಿಯುತ್ತದೆ. ಪ್ರೊ ವಿಧಾನದಲ್ಲಿ ಷಟರ್ 1/30ಕ್ಕೆ ಇಳಿಸಿ ತೆಗೆದರೆ ಪಟ್ಟೆ ಮಾಯವಾಗುತ್ತದೆ. ಅಂಗಡಿಗೆ ದೂರಿನ ಜೊತೆ ಫೋಟೊ ಕಳುಹಿಸುವವರು ಇದನ್ನು ಮೊದಲೇ ಸರಿಪಡಿಸಿಕೊಳ್ಳಿ, ಇಲ್ಲವಾದರೆ ನಿಜವಾದ ದೋಷವೂ ಈ ಪಟ್ಟೆಗಳ ನಡುವೆ ಮರೆಯಾಗುತ್ತದೆ.

ಪ್ರಶ್ನೆ: ಸಮುದ್ರಕ್ಕೆ ಹತ್ತಿರದ ಮನೆ, ದೊಡ್ಡ ಪಶ್ಚಿಮದ ಕಿಟಕಿ. ಹಗಲು ಕನ್ನಡ ಟೈಪಿಂಗ್ ಕೆಲಸ, ರಾತ್ರಿ ಆಟ. ಯಾವ ಬಗೆಯ ಓಎಲ್‌ಇಡಿ ಕೊಳ್ಳಲಿ? ಉಪ್ಪುಗಾಳಿಗೆ ಬಾಳುತ್ತದೆಯೇ?
— ಕಾರವಾರದ ಓದುಗರು

ಉತ್ತರ: ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ಯಾನೆಲ್‌ಗಳಿವೆ: ಎಲ್‌ಜಿ ಡಿಸ್‌ಪ್ಲೇಯ ಡಬ್ಲ್ಯುಓಎಲ್‌ಇಡಿ ಮತ್ತು ಸ್ಯಾಮ್‌ಸಂಗ್ ಡಿಸ್‌ಪ್ಲೇಯ ಕ್ಯೂಡಿ-ಓಎಲ್‌ಇಡಿ. ಎರಡನೆಯದರಲ್ಲಿ ಬಣ್ಣಗಳ ಹೊಳಪು ಹೆಚ್ಚು, ಆದರೆ ಅದರಲ್ಲಿ ಹೊರಗಿನ ಬೆಳಕಿನ ಪ್ರತಿಫಲನ ತಗ್ಗಿಸುವ ಪೋಲರೈಸರ್ ಪದರ ಇಲ್ಲದಿರುವುದರಿಂದ ಬೆಳಕಿನ ಕೋಣೆಯಲ್ಲಿ ಕಪ್ಪು ಬೂದಾಗಿ, ತುಸು ನೇರಳೆಯಾಗಿ ಕಾಣುತ್ತದೆ. ಪಶ್ಚಿಮದ ಕಿಟಕಿಯಿಂದ ಇಳಿಬಿಸಿಲು ನೇರ ಬೀಳುವ ನಿಮ್ಮ ಕೋಣೆಗೆ ಡಬ್ಲ್ಯುಓಎಲ್‌ಇಡಿಯೇ ವಾಸಿ. ಯಾವುದನ್ನೇ ಕೊಂಡರೂ ಪರದೆಯ ಮುಖ ಕಿಟಕಿಗೆ ಎದುರಾಗದಂತೆ ಮೇಜನ್ನು ಅಡ್ಡ ತಿರುಗಿಸಿ.

ಟೈಪಿಂಗಿನ ವಿಷಯಕ್ಕೆ ಹೆಚ್ಚು ಎಚ್ಚರ ಬೇಕು. ಎರಡೂ ಬಗೆಗಳ ಹೆಚ್ಚಿನ ಮಾನಿಟರುಗಳಲ್ಲಿ ಪಿಕ್ಸೆಲ್ಲಿನೊಳಗಿನ ಕೆಂಪು, ಹಸಿರು, ನೀಲಿಯ ಜೋಡಣೆ ಎಲ್‌ಸಿಡಿಯಂತಿಲ್ಲ. ಅದರಿಂದ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತದೆ. ಇಂಗ್ಲಿಷಿನ ನೇರ ಗೆರೆಗಳಿಗಿಂತ ನಮ್ಮ ಒತ್ತಕ್ಷರಗಳ ಸಣ್ಣ ಸುರುಳಿಗಳಲ್ಲಿ ಅದು ಹೆಚ್ಚು ಕಿರಿಕಿರಿ. 27 ಇಂಚಿನ 1440 ಪರದೆಯಲ್ಲಿ ಇಂಚಿಗೆ ಸುಮಾರು 109 ಪಿಕ್ಸೆಲ್ ಸಿಗುತ್ತವೆ. 32 ಇಂಚಿನ 4ಕೆ ಪರದೆಯಲ್ಲಿ ಸುಮಾರು 138. ದಿನವಿಡೀ ಕನ್ನಡ ಓದುವವರಿಗೆ ಎರಡನೆಯದು ಕಣ್ಣಿಗೆ ಹಿತ, ಬೆಲೆ ಮಾತ್ರ ಜಾಸ್ತಿ. ಹಗಲೆಲ್ಲ ಒಂದೇ ಟೈಪಿಂಗ್ ಕಿಟಕಿ ತೆರೆದಿಡುವುದು ಬರ್ನ್-ಇನ್‌ಗೆ ದಾರಿ. ಟಾಸ್ಕ್‌ಬಾರ್ ಅಡಗಿಸಿ, ಹೊಳಪು ತಗ್ಗಿಸಿ, ಎದ್ದು ಹೋಗುವಾಗ ಪರದೆ ಆರಲಿ. ಹಳೆಯ ಎಲ್‌ಸಿಡಿ ಮನೆಯಲ್ಲಿ ಇನ್ನೂ ಇದ್ದರೆ ಹಗಲಿನ ಕೆಲಸ ಅದರಲ್ಲೇ ನಡೆಯಲಿ.

ಉಪ್ಪುಗಾಳಿ ಪ್ಯಾನೆಲ್‌ನ ಒಳಗೆ ಸುಲಭವಾಗಿ ಹೋಗದು, ಏಕೆಂದರೆ ಓಎಲ್‌ಇಡಿಯ ಸಾವಯವ ಪದರ ತೇವ ಮತ್ತು ಆಮ್ಲಜನಕಕ್ಕೆ ಬಹಳ ಸೂಕ್ಷ್ಮವಾದ್ದರಿಂದ ಕಾರ್ಖಾನೆಯಲ್ಲೇ ಅದನ್ನು ಬಿಗಿಯಾಗಿ ಮುಚ್ಚಿರುತ್ತಾರೆ. ಕಿಲುಬು ಹಿಡಿಯುವುದು ಹಿಂದಿನ ಪೋರ್ಟುಗಳಿಗೆ, ಕೇಬಲ್ಲಿನ ತುದಿಗಳಿಗೆ. ಬಳಸದ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿ, ಮಳೆಗಾಲ ಮುಗಿದ ಮೇಲೆ ಕೇಬಲ್ ತೆಗೆದು ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿ. ಪರದೆಯ ಮೇಲೆ ಕೂರುವ ಉಪ್ಪಿನ ತೆಳು ಪೊರೆಯನ್ನು ಒಣ ಬಟ್ಟೆಯಿಂದ ಉಜ್ಜಿದರೆ ಲೇಪನಕ್ಕೆ ಗೀರು ಬೀಳುತ್ತದೆ. ಮಾನಿಟರ್ ಆರಿಸಿ, ಮೈಕ್ರೋಫೈಬರ್ ಬಟ್ಟೆಯನ್ನು ಶುದ್ಧೀಕರಿಸಿದ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಒತ್ತದೆ ಒರೆಸಿ. ಕಿಟಕಿ ಗಾಜಿಗೆ ಬಳಸುವ ಅಮೋನಿಯಾ ದ್ರವವನ್ನು ಅದರ ಹತ್ತಿರಕ್ಕೂ ತರಬೇಡಿ.